ಟ್ರೈನಿಂಗ್ ಚಡ್ಡಿಯ ಪೊಟ್ಟಣ: ಒಂದು ಸಾಲುಸಾಲಿನ ವ್ಯಾಖ್ಯಾನ

ಮಗುವಿಗೆ ಡೈಪರ್ ಬಿಡಿಸಬೇಕು ಅಂದುಕೊಂಡ ಕೂಡಲೇ ಮನೆಯವರು ಹುಡುಕುವುದು ಟ್ರೈನಿಂಗ್ ಚಡ್ಡಿ. ಬೆಂಗಳೂರಿನ ಕಮರ್ಷಿಯಲ್ ಸ್ಟ್ರೀಟಿನ ಅಡ್ಡರಸ್ತೆಯಲ್ಲಿ ಕೊಂಡರೂ, ಇಂದಿರಾನಗರದ ಸಿ.ಎಂ.ಎಚ್. ರಸ್ತೆಯಲ್ಲಿ ಕೊಂಡರೂ, ಕೆ.ಆರ್. ಪುರದ ಮನೆಯಲ್ಲೇ ಕೂತು ಫೋನಿನಲ್ಲಿ ತರಿಸಿದರೂ ಪೊಟ್ಟಣದ ಮೇಲೆ ಹೆಚ್ಚುಕಡಿಮೆ ಇವೇ ಸಾಲುಗಳು. ಅಕ್ಷರ ಸಣ್ಣದು, ಭಾಷೆ ಇಂಗ್ಲಿಷು. ಹಾಗಾಗಿ ಓದುವವರು ಕಡಿಮೆ. ಅಂಗಡಿಯಲ್ಲಿ "ಪಾಪುಗೆ ಎಷ್ಟು ವರ್ಷ ಅಕ್ಕಾ?" ಎಂದು ಅವರು ಕೇಳುತ್ತಾರೆ, "ಸೋರಲ್ಲ ತಾನೆ?" ಎಂದು ಇವರು ಕೇಳುತ್ತಾರೆ, ವ್ಯಾಪಾರ ಮುಗಿಯುತ್ತದೆ.

ಸೋರುತ್ತದೆಯೇ ಎಂಬುದು ಡೈಪರಿಗೆ ಕೇಳಬೇಕಾದ ಪ್ರಶ್ನೆ. ಟ್ರೈನಿಂಗ್ ಚಡ್ಡಿಗೆ ಕೇಳಬೇಕಾದವು ಬೇರೆ ಎರಡಿವೆ. ಒದ್ದೆಯಾದದ್ದು ಮಗುವಿಗೆ ತಿಳಿಯುತ್ತದೆಯೇ? ಮಗು ಅದನ್ನು ತಾನೇ ಇಳಿಸಿಕೊಳ್ಳುತ್ತದೆಯೇ? ಪೊಟ್ಟಣದ ಸಾಲುಗಳನ್ನು ಕನ್ನಡಕ್ಕೆ ತಂದುಕೊಂಡು, ಒಂದೊಂದನ್ನೂ ಈ ಎರಡು ಪ್ರಶ್ನೆಗೆ ಒರೆಹಚ್ಚಿ ನೋಡೋಣ.

"ಟ್ರೈನಿಂಗ್ ಪ್ಯಾಂಟ್ / ಪ್ಯಾಡೆಡ್ ಅಂಡರ್‌ವೇರ್"

ಈ ಹೆಸರಿನ ಹತ್ತಿರದಲ್ಲೇ ಇನ್ನೊಂದು ಸರಕಿದೆ: ಪ್ಯಾಂಟಿನ ಹಾಗೆ ಎಳೆದು ತೊಡಿಸುವ ಡೈಪರ್. ಆಕಾರ ಚಡ್ಡಿಯದು, ಗುಣ ಡೈಪರಿನದು. ಅಮೆರಿಕದಲ್ಲಿ ಹಗ್ಗೀಸ್ ಬ್ರ್ಯಾಂಡಿನವರು 1989ರಲ್ಲಿ ಪುಲ್-ಅಪ್ಸ್ ಎಂಬ ಬಳಸಿ ಬಿಸಾಡುವ ಟ್ರೈನಿಂಗ್ ಪ್ಯಾಂಟನ್ನು ತಂದ ಮೇಲೆ ಎರಡರ ನಡುವಿನ ಗೆರೆ ಇನ್ನೂ ಮಸುಕಾಯಿತು. ಬಿಸಾಡುವ ಡೈಪರಿನ ಹೊಟ್ಟೆಯೊಳಗೆ ಸೋಡಿಯಂ ಪಾಲಿಅಕ್ರಿಲೇಟ್ ಎಂಬ ಪುಡಿ ಇರುತ್ತದೆ. ತನ್ನ ತೂಕದ ಹಲವು ಪಟ್ಟು ನೀರನ್ನು ಹೀರಿ ಅದು ಲೋಳೆಯಾಗುತ್ತದೆ, ಹೀರಿದ್ದನ್ನು ಒತ್ತಿದರೂ ಬಿಡುವುದಿಲ್ಲ. ಕೂಸಿನ ಚರ್ಮಕ್ಕೆ ಇದು ಉಪಕಾರ. ಕಲಿಯುವ ವಯಸ್ಸಿನ ಮಗುವಿಗೆ ಮಾತ್ರ ತನ್ನ ಮೈಯಲ್ಲಿ ಏನಾಯಿತೆಂಬ ಸುದ್ದಿಯೇ ಮುಟ್ಟುವುದಿಲ್ಲ. ಆದ್ದರಿಂದ ಹೆಸರು ನೋಡಿ ಕೊಳ್ಳಬೇಡಿ, ಒಳಗೆ ಕೈಯಾಡಿಸಿ ನೋಡಿ. ಬಟ್ಟೆಯಾಗಿದ್ದರೆ, ಒಗೆಯುವಂತಿದ್ದರೆ ಅದು ಚಡ್ಡಿ.

"ಸೈಜ್: 2–3 ವರ್ಷ"

ಒಂದೇ ವಯಸ್ಸಿನ ಇಬ್ಬರು ಮಕ್ಕಳ ಸೊಂಟ ಒಂದೇ ಅಳತೆಯದಾಗಿರುವುದಿಲ್ಲ. ಪೊಟ್ಟಣದ ಹಿಂಭಾಗದಲ್ಲಿ ಸೊಂಟ ಮತ್ತು ತೊಡೆಯ ಸುತ್ತಳತೆಯನ್ನು ಸೆಂಟಿಮೀಟರಿನಲ್ಲಿ ಕೊಟ್ಟಿದ್ದರೆ ಅದನ್ನೇ ನಂಬಿ. ಮಗು ಊಟ ಮಾಡಿ ಕೂತಿರುವಾಗ ಟೇಪು ಹಿಡಿದು ಹೊಟ್ಟೆಯ ಕೆಳಗೆ ಅಳೆಯಿರಿ. ಎರಡು ಸೈಜಿನ ನಡುವೆ ಬಿದ್ದರೆ ದೊಡ್ಡದೇ ಸರಿ, ಏಕೆಂದರೆ ಬಿಗಿ ಚಡ್ಡಿ ಇಳಿಯುವುದಿಲ್ಲ.

ಈ ಸಾಲನ್ನು ಅಪ್ಪ ಅಮ್ಮಂದಿರು ಶುರುಮಾಡುವ ವಯಸ್ಸೆಂದೂ ಓದಿಕೊಳ್ಳುತ್ತಾರೆ. ನಮ್ಮ ಅಜ್ಜಿಯರು ವರ್ಷ ತುಂಬುವ ಮೊದಲೇ ಕೂಸನ್ನು ತಮ್ಮ ಪಾದಗಳ ಮೇಲೆ ಕೂರಿಸಿ "ಸುಸ್ಸ್" ಎನ್ನುತ್ತಿದ್ದರು. ಹಳೇ ಸೀರೆಯ ತುಂಡನ್ನು ಉಡಿದಾರಕ್ಕೆ ಸಿಕ್ಕಿಸಿದ ಲಂಗೋಟಿಯೇ ಅಂದಿನ ಟ್ರೈನಿಂಗ್ ಚಡ್ಡಿ, ಒದ್ದೆಯಾದರೆ ಆ ಕ್ಷಣವೇ ಇಬ್ಬರಿಗೂ ತಿಳಿಯುತ್ತಿತ್ತು. ಆ ಕ್ರಮಕ್ಕೆ ದಿನವಿಡೀ ಮನೆಯಲ್ಲಿ ಒಬ್ಬರು ಬೇಕು. ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಮಗುವಿನ ಸೂಚನೆಗೆ ಕಾಯುವುದು ಮೇಲು. ಮಕ್ಕಳ ವೈದ್ಯ ಬ್ರೇಜಲ್ಟನ್ 1962ರಲ್ಲಿ 1,170 ಮಕ್ಕಳ ಅನುಭವವನ್ನು ಬರೆದರು. ಬಲವಂತವಿಲ್ಲದೆ, 18 ತಿಂಗಳ ಹೊತ್ತಿಗೆ ಪರಿಚಯ ಮಾಡಿಸಿದ ಆ ಮಕ್ಕಳು ಸರಾಸರಿ 28.5 ತಿಂಗಳಿಗೆ ಹಗಲಿನ ಅಭ್ಯಾಸ ಕಲಿತಿದ್ದರು. ಎರಡು ಗಂಟೆ ಒಣಗಿರುವುದು, ಮೂಲೆಗೆ ಹೋಗಿ ತಿಣುಕುವುದು, "ತೆಗಿ" ಎಂದು ಚಡ್ಡಿ ಹಿಡಿದೆಳೆಯುವುದು – ಇವು ಸೂಚನೆಗಳು. ಸೂಚನೆ ಕಂಡ ಮೇಲೆ ಚಡ್ಡಿ ಕೊಳ್ಳಿ.

"100% ಹತ್ತಿ"

ಹೊರಗಿನ ಬಟ್ಟೆ ಹತ್ತಿಯೇ ಇರಬಹುದು, ಒಳಗಿನ ಪ್ಯಾಡು ಮೈಕ್ರೋಫೈಬರ್ ಇರಬಹುದು, ನಡುವೆ ನೀರು ದಾಟದ ಪಿ.ಯು.ಎಲ್. ಹಾಳೆ ಇರಬಹುದು. ಸಾಲು ಯಾವ ಪದರದ ಬಗ್ಗೆ ಹೇಳುತ್ತಿದೆ ಎಂದು ನೋಡಬೇಕು. ಮೈಗೆ ತಾಗುವ ಪದರ ಬನಿಯನ್ ಬಟ್ಟೆಯದೋ ಟವೆಲ್ ಬಟ್ಟೆಯದೋ ಆಗಿದ್ದರೆ ಒಳ್ಳೆಯದು. ನೀರು ದಾಟದ ಹಾಳೆ ಹೊಲಿದ ಚಡ್ಡಿ ಸೋಫಾ ಉಳಿಸುತ್ತದೆ, ಜೊತೆಗೆ ಸೆಕೆಯನ್ನೂ ಒಳಗೇ ಕೂಡಿಹಾಕುತ್ತದೆ. ಏಪ್ರಿಲ್ ತಿಂಗಳಲ್ಲಿ ಇಡೀ ದಿನ ಅದನ್ನೇ ತೊಡಿಸಿದರೆ ತೊಡೆಸಂದು ಕೆಂಪಗಾಗುವುದು ಖಂಡಿತ.

"ಒಳಗೆ 3 ಪದರ ಪ್ಯಾಡ್, ಒಂದು ಸಲದ ಮೂತ್ರ ತಡೆಯುತ್ತದೆ"

ಪೊಟ್ಟಣದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಾಲು ಇದು. ಒಂದು ಸಲ ಅಂದರೆ ಎಷ್ಟು? ಮಕ್ಕಳ ಮೂತ್ರಕೋಶ ಎಷ್ಟು ಹಿಡಿಯುತ್ತದೆಂದು ಅಂದಾಜು ಮಾಡಲು ವೈದ್ಯರು ಬಳಸುವ ಲೆಕ್ಕ ಸುಲಭ: ವಯಸ್ಸಿಗೆ ಒಂದು ಕೂಡಿಸಿ 30ರಿಂದ ಗುಣಿಸುವುದು. ಎರಡು ವರ್ಷಕ್ಕೆ 90 ಮಿಲಿಲೀಟರ್, ಮೂರಕ್ಕೆ 120. ಪ್ರತಿ ಸಲವೂ ಕೋಶ ತುಂಬಿಯೇ ಮಗು ಉಚ್ಚೆ ಹೊಯ್ಯುವುದಿಲ್ಲ, ಆದರೆ ಗಡಿ ಇಷ್ಟು ಎಂದಿಟ್ಟುಕೊಳ್ಳಬಹುದು.

ಮನೆಯಲ್ಲೇ ಪರೀಕ್ಷೆ ಮಾಡಿ. ಒಗೆದು ಒಣಗಿಸಿದ ಚಡ್ಡಿಯನ್ನು ಬಚ್ಚಲಲ್ಲಿ ಬೋಗುಣಿಯ ಮೇಲೆ ಬಿಡಿಸಿ ಹಿಡಿದು, ಸಿರಪ್ ಬಾಟಲಿಯ ಜೊತೆ ಬರುವ 10 ಮಿಲಿಲೀಟರಿನ ಅಳತೆ ಮುಚ್ಚಳದಿಂದ ಉಗುರುಬೆಚ್ಚನೆಯ ನೀರನ್ನು ಪ್ಯಾಡಿನ ನಡುವೆ ಒಂದೊಂದಾಗಿ ಹಾಕುತ್ತಾ ಹೋಗಿ. ಎರಡು ಮೂರು ಮುಚ್ಚಳಕ್ಕೇ ಕಾಲಂಚಿನಿಂದ ತೊಟ್ಟಿಕ್ಕಿದರೆ ಪದರ ಸಾಲದು, ಅದು ಮಾಮೂಲಿ ಚಡ್ಡಿ. ಐದಾರು ಮುಚ್ಚಳ ಹಿಡಿದು ಆಮೇಲೆ ಅಂಚು ಒದ್ದೆಯಾಗಿ ತೊಟ್ಟಿಕ್ಕಿದರೆ ಚಡ್ಡಿ ಚೆನ್ನಾಗಿದೆ: ನೆಲದ ಮೇಲೆ ಹೊಳೆ ಹರಿಯುವುದಿಲ್ಲ, ಮಗುವಿಗೆ ಮಾತ್ರ ತೊಡೆ ತಣ್ಣಗಾಗಿ ಗೊತ್ತಾಗುತ್ತದೆ. ಒಂಬತ್ತು ಮುಚ್ಚಳ ಹಾಕಿದ ಮೇಲೂ ಒಳಗೆ ಬೆರಳಿಟ್ಟರೆ ಒಣಗಿಯೇ ಇದ್ದರೆ ನೀವು ಕೊಂಡಿರುವುದು ಒಗೆಯುವ ಡೈಪರ್.

ಆರು ಪದರದ್ದು ಮೂರು ಪದರದ್ದಕ್ಕಿಂತ ಒಳ್ಳೆಯದಲ್ಲವೇ ಎಂದು ಕೇಳುವವರಿದ್ದಾರೆ. ದಪ್ಪವಾದಷ್ಟೂ ಮಗುವಿನ ಕಾಲು ಅಗಲವಾಗಿ ನಡೆಯಲು ತೊಡಕು, ಒಣಗುವುದೂ ನಿಧಾನ. ಮನೆಯೊಳಗೆ ಮೂರು ಪದರ ಧಾರಾಳ.

"ಒಳಪದರ ಸದಾ ಒಣ ಅನುಭವ ಕೊಡುತ್ತದೆ"

ಈ ಸಾಲನ್ನು ಮೆಚ್ಚುವ ಮೊದಲು ಒಂದು ನಿಮಿಷ ನಿಲ್ಲಿ. ಮೇಲೆ ಹಾಸಿದ ತೆಳ್ಳನೆಯ ಪಾಲಿಯೆಸ್ಟರ್ ಪದರ ತೇವವನ್ನು ಕೆಳಕ್ಕೆ ಇಳಿಸಿ ತಾನು ಒಣಗಿದಂತೆ ಇರುತ್ತದೆ. ಮಗು ಆಡುತ್ತಲೇ ಇರುತ್ತದೆ, ನಮಗೂ ನೆಮ್ಮದಿ. ಆದರೆ ಉಚ್ಚೆ ಬರುವ ಮೊದಲಿನ ಒತ್ತಡ, ಬಂದ ಮೇಲಿನ ಒದ್ದೆ – ಈ ಎರಡನ್ನೂ ಮಗು ಸೇರಿಸಿ ನೋಡಿದಾಗಲೇ ಕಲಿಕೆ ಆಗುವುದು. ಒದ್ದೆ ಕಾಣೆಯಾದರೆ ಸೇರಿಸಲು ಏನು ಉಳಿಯಿತು?

ಇಂಥ ಚಡ್ಡಿಗೂ ಒಂದು ಜಾಗವಿದೆ. ಕೆ.ಆರ್. ಪುರದಿಂದ ಬೈಯಪ್ಪನಹಳ್ಳಿವರೆಗಿನ ಮೆಟ್ರೋ ತುಂಡು 2023ರ ಅಕ್ಟೋಬರ್ 9ಕ್ಕೆ ಶುರುವಾದ ಮೇಲೆ ಆ ಕಡೆಯವರು ಮಗುವನ್ನು ಕರೆದುಕೊಂಡು ನೇರಳೆ ಮಾರ್ಗದಲ್ಲಿ ನೇರವಾಗಿ ಇಂದಿರಾನಗರ, ಹಲಸೂರಿಗೆ ಬರುತ್ತಾರೆ. ನಡುವೆ ಇಳಿಯುವಂತಿಲ್ಲದ ಅಂಥ ಪ್ರಯಾಣಕ್ಕೆ, ಮದುವೆ ಮನೆಗೆ, ಆಸ್ಪತ್ರೆಯ ಸಾಲಿಗೆ ಇದು ಸರಿ. ಹೊರಡುವ ಮೊದಲು ಒಂದಕ್ಕೆ ಕೂರಿಸಿ, ಮುಟ್ಟಿದ ಕೂಡಲೇ ಇನ್ನೊಮ್ಮೆ ಕೂರಿಸಿ. ಮನೆಯೊಳಗೆ ಬೇಡ.

"ಮೆತ್ತನೆಯ ಎಲಾಸ್ಟಿಕ್ ಸೊಂಟ"

ಎರಡನೆಯ ಪ್ರಶ್ನೆಗೆ ಉತ್ತರ ಇಲ್ಲಿದೆ. ಎರಡು ವರ್ಷದ ಮಗು ಚಡ್ಡಿ ಇಳಿಸಿಕೊಳ್ಳುವುದನ್ನು ಗಮನಿಸಿ. ಎರಡೂ ಹೆಬ್ಬೆರಳನ್ನು ಸೊಂಟದ ಪಟ್ಟಿಯೊಳಗೆ ತೂರಿಸುತ್ತದೆ, ಮುಂದಿನ ಭಾಗ ತೊಡೆಗೆ ಬರುತ್ತದೆ, ಹಿಂದಿನದು ಕುಂಡೆಯ ಮೇಲೆ ಸಿಕ್ಕಿಕೊಳ್ಳುತ್ತದೆ. ಅಷ್ಟರಲ್ಲಿ ಹೊತ್ತು ಮೀರಿ ಉಚ್ಚೆ ಆಗಿಹೋಗುತ್ತದೆ, ನಾವು "ಹೇಳೋಕೇನಾಗಿತ್ತು?" ಎಂದು ಗದರುತ್ತೇವೆ. ಹೇಳಲು ಮಗು ತಡಮಾಡಿರಲಿಲ್ಲ, ಚಡ್ಡಿ ತಡಮಾಡಿತ್ತು. ಪಟ್ಟಿಯೊಳಗೆ ನಿಮ್ಮ ಎರಡು ಬೆರಳು ಸಲೀಸಾಗಿ ಹೋಗಬೇಕು, ಬಿಚ್ಚಿದ ಮೇಲೆ ಸೊಂಟದಲ್ಲಿ ಕೆಂಪು ಗೆರೆ ಉಳಿಯಬಾರದು. ಹಿಂದಿನಿಂದ ಹಿಡಿದು ಇಳಿಸುವುದನ್ನು ಮಗುವಿಗೆ ಒಣ ಚಡ್ಡಿಯಲ್ಲೇ, ಆಟದಂತೆ ಹೇಳಿಕೊಡಿ. ಲಾಡಿಯದ್ದು, ಗುಂಡಿಯದ್ದು, ಮೇಲೊಂದು ಬಿಗಿ ಜೀನ್ಸು – ಈ ತಿಂಗಳುಗಳಲ್ಲಿ ಯಾವುದೂ ಬೇಡ. ಪ್ಲೇಹೋಮಿಗೆ ಕಳಿಸುವವರು ಅಲ್ಲಿನ ಆಯಾಗೂ ಇದನ್ನು ತಿಳಿಸಿರಬೇಕು, ಇಲ್ಲದಿದ್ದರೆ ಮನೆಯಲ್ಲಿ ಕಲಿತದ್ದು ಅಲ್ಲಿ ಮರೆಯುತ್ತದೆ.

"ಬಳಸುವ ಮೊದಲು 3 ಸಲ ಒಗೆಯಿರಿ. ಸಾಫ್ಟನರ್ ಬಳಸಬೇಡಿ. ಮತ್ತೆ ಮತ್ತೆ ಬಳಸಬಹುದು"

ಹೊಸ ಹತ್ತಿಯ ಎಳೆಯಲ್ಲಿ ಸಹಜವಾದ ಮೇಣದಂಶ ಇರುತ್ತದೆ, ಒಗೆತಕ್ಕೆ ಅದು ಹೋಗಿ ಬಟ್ಟೆ ಹೀರಲು ತೊಡಗುತ್ತದೆ. ಸಾಫ್ಟನರ್ ಎಳೆಯ ಮೇಲೆ ಜಿಡ್ಡು ಹಾಸಿ ಹೀರುವುದನ್ನು ತಡೆಯುತ್ತದೆ. ಬೋರ್‌ವೆಲ್ಲಿನ ಗಡಸು ನೀರಿಗೆ ಸೋಪಿನ ಪುಡಿ ಪೂರ್ತಿ ಬಿಡುವುದಿಲ್ಲ, ಇನ್ನೊಂದು ಸಲ ಜಾಲಿಸಬೇಕು. 2024ರ ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾದು ಕೂತ ಪೂರ್ವ ಬೆಂಗಳೂರಿನ ಮನೆಗಳಿಗೆ ಈ ಒಂದು ಬಕೆಟ್ಟೂ ಲೆಕ್ಕವೇ. ನೀರು ಉಳಿಸಬೇಕೆಂದರೆ ಒದ್ದೆ ಚಡ್ಡಿಯನ್ನು ಕೂಡಲೇ ಹಿಂಡಿ ಬಕೆಟ್ಟಿಗೆ ಹಾಕಿ, ಸಂಜೆ ಒಟ್ಟಿಗೆ ಒಗೆಯಿರಿ. ಕಕ್ಕ ಆಗಿದ್ದರೆ ಮೊದಲು ಕಮೋಡಿಗೆ ಉದುರಿಸಿ.

"ಮತ್ತೆ ಮತ್ತೆ" ಎಂಬುದರ ಬೆಲೆ ಪೂರ್ವ ಬೆಂಗಳೂರಿನವರಿಗೆ ಬೇರೆಯವರು ಹೇಳಬೇಕಿಲ್ಲ. ದಿನಕ್ಕೆ ನಾಲ್ಕು ಡೈಪರ್ ಎಂದರೂ ವರ್ಷಕ್ಕೆ 1,460. 2015ರ ಡಿಸೆಂಬರಿನಲ್ಲಿ ಹೈಕೋರ್ಟ್ ಕಸ ವಿಂಗಡಿಸಲು ಮನೆಮನೆಗೆ ಎರಡು ಬುಟ್ಟಿ ಒಂದು ಚೀಲದ ಕ್ರಮ ತಂದಾಗ ಡೈಪರಿಗೆ ಸಿಕ್ಕಿದ್ದು ಕೆಂಪು ಬುಟ್ಟಿ: ಗೊಬ್ಬರವೂ ಆಗದ, ಮರುಬಳಕೆಗೂ ಬಾರದ ಕಸದ ಜೊತೆ. ಅದಕ್ಕೆ ಒಂದು ವರ್ಷ ಮೊದಲು, 2014ರ ಕೊನೆಯವರೆಗೆ, ನಗರದ ಕಸ ಸುರಿಯುತ್ತಿದ್ದುದು ಬೆಂಗಳೂರು ಪೂರ್ವ ತಾಲ್ಲೂಕಿನ ಮಂಡೂರಿನಲ್ಲಿ. ಊರಿನವರು ರಸ್ತೆಗಿಳಿದು ಹೋರಾಡಿದ ಮೇಲೆ ಅದು ನಿಂತಿತು. ಅಲ್ಲಿಯೂ ಮಕ್ಕಳು ಬೆಳೆಯುತ್ತಿದ್ದರು.

"ರಾತ್ರಿಯ ಬಳಕೆಗೆ ಅಲ್ಲ"

ಇದು ಪ್ರಾಮಾಣಿಕ ಸಾಲು. ರಾತ್ರಿ ಒಣಗಿರುವುದು ಕಲಿಸಿ ಬರುವ ವಿದ್ಯೆಯಲ್ಲ. ನಿದ್ದೆಯಲ್ಲಿ ಮೂತ್ರ ಕಡಿಮೆ ಮಾಡುವ ಹಾರ್ಮೋನು, ಕೋಶ ತುಂಬಿದಾಗ ಎಚ್ಚರಿಸುವ ನರ – ಎರಡೂ ಮಾಗಬೇಕು. ಐದು ವರ್ಷದವರೆಗೆ ಹಾಸಿಗೆ ಒದ್ದೆಯಾಗುವುದನ್ನು ವೈದ್ಯರು ಕಾಯಿಲೆಯೆಂದು ಎಣಿಸುವುದಿಲ್ಲ. ಹಗಲು ಚಡ್ಡಿ, ರಾತ್ರಿ ಡೈಪರ್ ಎಂದರೆ ಸೋಲೇನೂ ಅಲ್ಲ. ಹಗಲಿನಲ್ಲಿ ಕಲಿತಿದ್ದ ಮಗು ಮತ್ತೆ ಒದ್ದೆ ಮಾಡಿಕೊಳ್ಳತೊಡಗಿದರೆ, ಉಚ್ಚೆ ಹೊಯ್ಯುವಾಗ ಅತ್ತರೆ, ಎರಡು ಮೂರು ದಿನ ಕಕ್ಕ ತಡೆಹಿಡಿದರೆ ಚಡ್ಡಿ ಬದಲಿಸಿ ಪ್ರಯೋಜನವಿಲ್ಲ, ಮಕ್ಕಳ ಡಾಕ್ಟರಿಗೆ ತೋರಿಸಿ.

"3ರ ಪ್ಯಾಕ್. ಗರಿಷ್ಠ ಮಾರಾಟ ಬೆಲೆ ಎಲ್ಲ ತೆರಿಗೆ ಸೇರಿ"

ಬೆಲೆ, ಎಣಿಕೆ, ತಯಾರಕರ ಹೆಸರು, ತಯಾರಾದ ತಿಂಗಳು ಮತ್ತು ವರ್ಷ ಪೊಟ್ಟಣದ ಮೇಲೆ ಇರಬೇಕೆಂಬುದು 2011ರ ಪೊಟ್ಟಣ ಸರಕುಗಳ ನಿಯಮ. ಮೂರು ಚಡ್ಡಿ ಮೊದಲ ದಿನದ ಮಧ್ಯಾಹ್ನಕ್ಕೇ ಮುಗಿಯುತ್ತವೆ. ಹಾಗೆಂದು ಒಂದೇ ಸಲ ಹನ್ನೆರಡು ಕೊಳ್ಳಬೇಡಿ. ಮೊದಲು ಒಂದು ಪೊಟ್ಟಣ ತಂದು, ಮೂರು ಸಲ ಒಗೆದು, ಮುಚ್ಚಳದ ಪರೀಕ್ಷೆ ಮಾಡಿ, ಮಗುವಿನ ಕೈಗೆ ಕೊಟ್ಟು ನೋಡಿ. ಒಪ್ಪಿದರೆ ಬಿಸಿಲಿನ ತಿಂಗಳಲ್ಲಿ ಎಂಟು, ಜೂನಿನಿಂದ ಅಕ್ಟೋಬರಿನ ಮಳೆಯಲ್ಲಿ ಒಣಗುವುದಿಲ್ಲವಾದ್ದರಿಂದ ಇನ್ನೂ ನಾಲ್ಕು. ಜೊತೆಗೆ ಏಳೆಂಟು ಮಾಮೂಲಿ ಹತ್ತಿ ಚಡ್ಡಿಯೂ ಇರಲಿ. ವಾರಗಟ್ಟಲೆ ಟ್ರೈನಿಂಗ್ ಚಡ್ಡಿಯಲ್ಲಿ ಒದ್ದೆಯಾಗುವುದು ಕಡಿಮೆಯಾಗುತ್ತ ಬಂದರೆ ಅದನ್ನು ನಿಲ್ಲಿಸಿ ಇವಕ್ಕೆ ದಾಟಿಸಿ. ಹೆಚ್ಚು ತಿಂಗಳು ಬೇಕಾಗದೆ ಪೆಟ್ಟಿಗೆ ಸೇರಿದ ಟ್ರೈನಿಂಗ್ ಚಡ್ಡಿಯೇ ಸರಿಯಾಗಿ ಆರಿಸಿದ ಚಡ್ಡಿ.