ಮೂರನೇ ತೂತಿನ ಹಿಂದೆ

ಅಮೆರಿಕದ ಮಗಳು ತಂದ ಹೇರ್ ಡ್ರೈಯರ್, ದುಬೈ ಅಳಿಯ ತಂದ ಇಸ್ತ್ರಿಪೆಟ್ಟಿಗೆ, ಯಾರೋ ಜಪಾನಿನಿಂದ ಕೊಟ್ಟುಕಳಿಸಿದ ರೈಸ್ ಕುಕ್ಕರ್. ಕೂಡ್ಲಿಗಿಯಿರಲಿ, ಹಡಗಲಿಯಿರಲಿ, ಇವಕ್ಕೆಲ್ಲ ಒಂದೇ ಮದ್ದು: ಬಿಳಿ ಪ್ಲಾಸ್ಟಿಕ್ಕಿನ ಯೂನಿವರ್ಸಲ್ ಅಡಾಪ್ಟರ್. ಚಪ್ಪಟೆ ಪಿನ್ನು, ದುಂಡು ಪಿನ್ನು, ಓರೆ ಪಿನ್ನು ಯಾವುದಿದ್ದರೂ ನುಂಗುತ್ತದೆ. “ಪಿನ್ ಕುಂತ್ರೆ ಆತು ಬಿಡ್ರಿ” ಎಂಬಲ್ಲಿಗೆ ಅದರ ಬಳಕೆಯ ಶಾಸ್ತ್ರ ಮುಗಿಯಿತು. ಈ ಶಾಸ್ತ್ರ ಪೂರ್ತಿ ಸುಳ್ಳಾಗಿದ್ದರೆ ಜನ ಎಂದೋ ಕೈಬಿಡುತ್ತಿದ್ದರು. ಅರ್ಧ ನಿಜವಾಗಿರುವುದರಿಂದಲೇ ಅಪಾಯ.

ಲ್ಯಾಪ್‌ಟಾಪ್, ಮೊಬೈಲುಗಳ ಚಾರ್ಜರ್ ತಿರುವಿ ನೋಡಿ. ಇರುವೆಗಾತ್ರದ ಅಕ್ಷರಗಳಲ್ಲಿ ‘ಇನ್‌ಪುಟ್ 100–240 ವೋಲ್ಟ್, 50/60 ಹರ್ಟ್ಸ್’ ಎಂದಿರುತ್ತದೆ. ನಮ್ಮದು 230 ವೋಲ್ಟ್, 50 ಹರ್ಟ್ಸ್. ಅಲ್ಲಿಗೆ ಪಿನ್ ಕೂತರೆ ಸಾಕು, ಅಡಾಪ್ಟರ್ ಗೆದ್ದಿತು. ಆ ಗೆಲುವಿನ ಧೈರ್ಯದಲ್ಲೇ ಮುಂದಿನ ಸಲ ಹೇರ್ ಡ್ರೈಯರ್ ಸಿಕ್ಕಿಸುತ್ತೇವೆ. ಅದರ ಮೇಲೆ ಬರೆದದ್ದು 120 ವೋಲ್ಟ್, 1500 ವ್ಯಾಟ್. ಒಳಗಿನ ಕಾಯಿಲ್ ಸುಮಾರು 9.6 ಓಮ್. ಅದಕ್ಕೆ 230 ವೋಲ್ಟ್ ಕೊಟ್ಟರೆ 24 ಆಂಪಿಯರ್ ಎಳೆದು, ಐದೂವರೆ ಸಾವಿರ ವ್ಯಾಟ್ ಉಗುಳಲು ನೋಡುತ್ತದೆ. ವೋಲ್ಟೇಜ್ ಎರಡರಷ್ಟೂ ಆಗಿಲ್ಲ, ಬಿಸಿ ಮಾತ್ರ ಮೂರೂವರೆ ಪಟ್ಟು ದಾಟಿತು. ಕಾಯಿಲ್ ತಕ್ಷಣ ಕಡಿದುಹೋದರೆ ಪುಣ್ಯ. ಹೋಗದಿದ್ದರೆ ಕರಗುವ ಸರದಿ ಅಡಾಪ್ಟರಿನದು. ಪಾಪ, ಅದು ಬದಲಿಸುವುದು ಪಿನ್ನಿನ ಆಕಾರವನ್ನಷ್ಟೇ. ವೋಲ್ಟೇಜ್ ಇಳಿಸುವ ತಾಮ್ರದ ಸುರುಳಿ ಅದರೊಳಗೆಲ್ಲಿದೆ?

ಇಳಿಸಲು ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. 1500 ವ್ಯಾಟಿನ ಸಾಮಾನಿಗೆ 2000 ವಿಎ ಸಾಮರ್ಥ್ಯದ್ದಾದರೆ ಒಳ್ಳೆಯದು. ಅದನ್ನು ಹೊತ್ತು ತರುವ ಖರ್ಚಿಗೆ ಇಲ್ಲಿಯದೇ ಹೊಸ ಡ್ರೈಯರ್ ಬರುತ್ತದೆ. ಅಮೆರಿಕದಲ್ಲಿರುವ ನಮ್ಮವರು ಇಲ್ಲಿಯ ಮಿಕ್ಸಿ ಬೇಕೆಂದು ಅತ್ತಾಗ ಕಂಪನಿಗಳು 110 ವೋಲ್ಟಿನ ಮಾದರಿಯನ್ನೇ ಮಾಡಿ ಮಾರಿದವು, ಅದು ಬುದ್ಧಿವಂತಿಕೆ.

ಗಲ್ಫಿನ ಸಾಮಾನಿನ ಕಥೆ ಬೇರೆ. ದುಬೈ, ಕುವೈತ್, ಕತಾರಿನ ವೋಲ್ಟೇಜ್ ನಮ್ಮದಕ್ಕೆ ಹೊಂದುತ್ತದೆ (ಸೌದಿಯ ಹಳೆಯ ಸಾಮಾನಾದರೆ 127 ವೋಲ್ಟಿನದೂ ಇರಬಹುದು, ಓದಿ ನೋಡಬೇಕು). ಅಲ್ಲಿನ ದಪ್ಪ ಚಪ್ಪಟೆ ಮೂರು ಪಿನ್ನಿನ ಬ್ರಿಟಿಷ್ ಪ್ಲಗ್ ನನ್ನ ಮಟ್ಟಿಗೆ ಲೋಕದಲ್ಲೇ ಚೆನ್ನಾಗಿ ಯೋಚಿಸಿ ಮಾಡಿದ ಪ್ಲಗ್. ಹೊಟ್ಟೆಯೊಳಗೆ ಫ್ಯೂಸ್ ಇದೆ. ಉದ್ದದ ಅರ್ಥ್ ಪಿನ್ ಮೊದಲು ಒಳಹೋಗಿ ಸಾಕೆಟ್ಟಿನ ಬಾಗಿಲು ತೆರೆದರೇ ಉಳಿದೆರಡು ಪಿನ್ನಿಗೆ ಪ್ರವೇಶ. ಬಾಗಿಲಿರುವ ಸಾಕೆಟ್ಟಿಗೆ ಎರಡು ಪಿನ್ನಿನ ಪ್ಲಗ್ ಹೋಗದಿದ್ದಾಗ ನಮ್ಮವರು ಬಾಲ್ ಪೆನ್ನನ್ನು ಅರ್ಥ್ ತೂತಿಗೆ ಚುಚ್ಚಿ ಬಾಗಿಲು ತೆರೆಸುತ್ತಾರೆ. ಅಗ್ಗದ ಅಡಾಪ್ಟರಿನಲ್ಲಿ ಆ ಬಾಗಿಲೂ ಇಲ್ಲ, ಮಗು ಮೊಳೆ ತೂರಿಸಿದರೂ ತಡೆಯುವುದಿಲ್ಲ. ಯುರೋಪಿನ ದುಂಡು ಪ್ಲಗ್ಗಿಗಂತೂ ಅರ್ಥ್ ಸಂಪರ್ಕ ಪಕ್ಕದ ಪಟ್ಟಿಯಲ್ಲಿ. ಈ ಅಡಾಪ್ಟರಿನಲ್ಲಿ ಅದಕ್ಕೆ ಏನೂ ತಾಗುವುದಿಲ್ಲ.

ಆದರೆ ಅರ್ಥ್ ಪಿನ್ ತಾಗಿತು ಎಂದೇ ಇಟ್ಟುಕೊಳ್ಳಿ. ಸ್ವಿಚ್ ಬೋರ್ಡಿನ ಮೂರನೇ ತೂತಿನ ಹಿಂದೆ ಏನಿದೆ? ಹಳೆಯ ಮನೆಗಳಲ್ಲಿ ಎಷ್ಟೋ ಕಡೆ ಏನೂ ಇಲ್ಲ, ತಂತಿಯೇ ಎಳೆದಿಲ್ಲ. ಇನ್ನು ಕೆಲವೆಡೆ ಅದನ್ನು ಅಲ್ಲೇ ನ್ಯೂಟ್ರಲ್‌ಗೆ ಜೋಡಿಸಿ “ಅರ್ಥ್ ಕೊಟ್ಟೀನ್ರಿ” ಅಂದಿರುತ್ತಾರೆ. ಇದು ಏನೂ ಇಲ್ಲದಿರುವುದಕ್ಕಿಂತ ಕೆಟ್ಟದ್ದು. ನ್ಯೂಟ್ರಲ್ ಎಲ್ಲಾದರೂ ಕಡಿದರೆ ಇಸ್ತ್ರಿಪೆಟ್ಟಿಗೆಯ ಮೈಯೇ ಕರೆಂಟ್ ಹಿಡಿಯುತ್ತದೆ. ಗುಂಡಿ ತೋಡಿ ಇದ್ದಿಲು, ಉಪ್ಪು ತುಂಬಿದವರೂ ಬೇಸಿಗೆಯಲ್ಲಿ ಅದಕ್ಕೆ ನೀರು ಹಾಕುವುದಿಲ್ಲ. ಕೂಡ್ಲಿಗಿ, ಕೊಟ್ಟೂರಿನ ಒಣ ಗರಸು ನೆಲ ಏಪ್ರಿಲ್ ಹೊತ್ತಿಗೆ ಕರೆಂಟನ್ನು ಸುಲಭಕ್ಕೆ ಒಳಗೆ ಬಿಟ್ಟುಕೊಳ್ಳದು. ಅರ್ಥಿಂಗ್ ತಡೆ 50 ಓಮ್‌ಗೆ ಏರಿದರೆ, ಫೇಸ್ ತಂತಿ ಸಾಮಾನಿನ ಮೈಗೆ ತಾಗಿದಾಗ ಸೋರುವ ಕರೆಂಟ್ 4.6 ಆಂಪಿಯರ್. ಅಷ್ಟಕ್ಕೆ 16 ಆಂಪಿಯರಿನ ಎಂಸಿಬಿ ಮಿಸುಕಾಡುವುದಿಲ್ಲ. ಮುಟ್ಟಿದವನ ಗತಿ ಏನು? 30 ಮಿಲಿ ಆಂಪಿಯರ್ ಸೋರಿದರೇ ಬೀಳುವ ಆರ್‌ಸಿಸಿಬಿ ಬೇಕಾದದ್ದು ಇಲ್ಲಿ. ಟೈಲ್ಸ್ ಆರಿಸಲು ಹೊಸಪೇಟೆಯ ಅಂಗಡಿಗಳನ್ನೆಲ್ಲ ಸುತ್ತುವ ನಾವು ಅರ್ಥಿಂಗ್ ಗುಂಡಿಯನ್ನು ಗಾರೆ ಕೆಲಸದವರ ಮರ್ಜಿಗೆ ಬಿಡುತ್ತೇವೆ. ಆಮೇಲೆ ತಪ್ಪೆಲ್ಲ ‘ಫಾರಿನ್ ಸಾಮಾನಿ’ನದು.

ಚಾರ್ಜರಿನ ಬೆನ್ನ ಮೇಲಿನ ‘100–240 ವೋಲ್ಟ್’ ಎಂಬ ಆ ಒಳ್ಳೆಯ ಸಾಲಿಗೂ ಒಂದು ಮಿತಿಯಿದೆ. ಕಂಬದ ಮೇಲೆ ಮೂರು ಫೇಸಿನ ಲೈನಿನ ನ್ಯೂಟ್ರಲ್ ಕಡಿದಾಗ ಕೆಲವು ಮನೆಗಳಲ್ಲಿ ದೀಪ ಮಂಕಾಗುತ್ತದೆ, ಕೆಲವಲ್ಲಿ ಕಣ್ಣು ಕುಕ್ಕುತ್ತದೆ. ಕುಕ್ಕುವ ಮನೆಗೆ 400 ವೋಲ್ಟಿನ ಹತ್ತಿರಕ್ಕೂ ಬರಬಹುದು, 240ಕ್ಕೆ ನಿಂತ ಚಾರ್ಜರ್ ಅದನ್ನು ತಾಳದು. ಬಲ್ಬು ಇದ್ದಕ್ಕಿದ್ದಂತೆ ಅತಿಯಾಗಿ ಬೆಳಗಿದರೆ ಮೊದಲು ಮೇನ್ ಇಳಿಸಬೇಕು, ಆಮೇಲೆ ಲೈನ್‌ಮನ್‌ಗೆ ಫೋನ್.