ಐದು ಸಾಲಿನ ಗನ್ನರ್

ಕಳೆದ ತಿಂಗಳು ಅಣ್ಣಾ ನಗರದ ನಮ್ಮ ಸದಸ್ಯರೊಬ್ಬರ ಮನೆಯಲ್ಲಿ ಓದಿನ ಕೂಟ ಸೇರಿದಾಗ, ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದುತ್ತಿರುವ ಹುಡುಗಿಯೊಬ್ಬಳು ಐದೇ ಸಾಲಿನ ಒಂದು ಕವಿತೆಯನ್ನು ಕನ್ನಡಕ್ಕೆ ತಂದು ಓದಿದಳು. ಮೂಲ ಅಮೆರಿಕದ ರ‍್ಯಾಂಡಲ್ ಜರೆಲ್ ಎಂಬ ಕವಿಯದು, ಹೆಸರು ‘ದಿ ಡೆತ್ ಆಫ್ ದಿ ಬಾಲ್ ಟರೆಟ್ ಗನ್ನರ್’, ಪ್ರಕಟವಾದದ್ದು 1945ರಲ್ಲಿ. ಓದಲು ಅರ್ಧ ನಿಮಿಷ ಹಿಡಿಯಲಿಲ್ಲ. ಚರ್ಚೆ ಮಾತ್ರ ಎರಡು ಸಲ ಕಾಫಿ ಬಂದು ಹೋದರೂ ಮುಗಿಯಲಿಲ್ಲ. ಹಿರಿಯರೊಬ್ಬರು, “ಯಾರದೋ ಯುದ್ಧ, ಯಾರದೋ ವಿಮಾನ. ನಮಗೇಕಮ್ಮ ಇದೆಲ್ಲ?” ಎಂದರು. ಹುಡುಗಿ ಸುಮ್ಮನಾದಳು. ಆ ಪ್ರಶ್ನೆಯನ್ನು ಅಲ್ಲಿಗೇ ಬಿಡುವುದು ಸರಿಯಲ್ಲವೆಂದು ತೋರಿ ಈ ನಾಲ್ಕು ಮಾತು ಬರೆಯುತ್ತಿದ್ದೇವೆ.

ಕವಿತೆಯ ವಸ್ತುವನ್ನು ಮೊದಲು ಹೇಳಬೇಕು. ಎರಡನೆಯ ಮಹಾಯುದ್ಧದ ಬಿ-17, ಬಿ-24 ಎಂಬ ಅಮೆರಿಕದ ಭಾರೀ ಬಾಂಬರುಗಳ ಹೊಟ್ಟೆಯ ಕೆಳಗೆ ಗಾಜು, ಲೋಹಗಳ ಒಂದು ಉರುಟು ಗೂಡು ಇರುತ್ತಿತ್ತು. ಅದರೊಳಗೆ ಎರಡು ಮೆಷಿನ್‌ಗನ್, ಒಬ್ಬ ಮನುಷ್ಯ. ಅವನು ಕುಳ್ಳನಾಗಿರಬೇಕು, ಮೊಣಕಾಲು ಮಡಚಿ ಕುಗ್ಗಿ ಕೂರಬೇಕು. ಗೂಡು ತಿರುಗಿದ ಹಾಗೆ ಅವನೂ ತಿರುಗುತ್ತಾನೆ. ಅವನು ಗರ್ಭದಲ್ಲಿರುವ ಕೂಸಿನಂತೆ ಕಾಣುತ್ತಿದ್ದ ಎಂದು ಜರೆಲ್ ತಾನೇ ಒಂದು ಟಿಪ್ಪಣಿಯಲ್ಲಿ ಹೇಳಿದ್ದಾನೆ. ಕವಿತೆ ನಿಂತಿರುವುದೂ ಈ ಹೋಲಿಕೆಯ ಮೇಲೆಯೇ. ಒಂದು ಗರ್ಭದಿಂದ ಬಂದ ಜೀವ ಇನ್ನೊಂದು ಗರ್ಭಕ್ಕೆ ಇಳಿಯುತ್ತದೆ. ಎಚ್ಚರವಾದಾಗ ಸುತ್ತ ಗುಂಡಿನ ಮಳೆ. ಕೊನೆಗೆ ಉಳಿಯುವುದು ಗೂಡನ್ನು ತೊಳೆಯುವ ಕೆಲಸ. ಹೇಳುವವನು ಸತ್ತ ಗನ್ನರನೇ. ಅಳು ಇಲ್ಲ, ದೂರು ಇಲ್ಲ.

ಜರೆಲ್ ಯುದ್ಧರಂಗ ಕಂಡವನಲ್ಲ. ಪೈಲಟ್ ಆಗಲು ಹೋಗಿ ಆಗದೆ, ಅಮೆರಿಕದಲ್ಲಿಯೇ ಉಳಿದು, ನಕ್ಷತ್ರ ನೋಡಿ ದಾರಿ ಹಿಡಿಯುವ ವಿದ್ಯೆಯನ್ನು ವಿಮಾನದ ಹುಡುಗರಿಗೆ ಕಲಿಸುತ್ತಿದ್ದ. ಪಾಠ ಕಲಿತು ಹೋದವರಲ್ಲಿ ಎಷ್ಟು ಮಂದಿ ತಿರುಗಿ ಬಂದರೋ! ಆ ಮೇಷ್ಟರ ಸಂಕಟ ಈ ಕವಿತೆಯಲ್ಲಿದೆ ಎಂದರೆ ತಪ್ಪಾಗಲಾರದು.

ಅನುವಾದದಲ್ಲಿ ಹುಡುಗಿ ಎಡವಿದ್ದು ಒಂದೇ ಕಡೆ. ಮೂಲದ ‘ಸ್ಟೇಟ್’ ಎಂಬ ಮಾತಿಗೆ ಅವಳು ‘ರಾಜ್ಯ’ ಎಂದು ಹಾಕಿದ್ದಳು. ನಮ್ಮಂಥ ವಲಸೆ ಬಂದವರ ಕಿವಿಗೆ ರಾಜ್ಯ ಎಂದರೆ ಕರ್ನಾಟಕ, ತಮಿಳುನಾಡು. ‘ಸರ್ಕಾರ’ ಎಂದರೆ ರೇಷನ್ ಕಾರ್ಡಿನ ನೆನಪು. ಹುಡುಗನೊಬ್ಬನನ್ನು ತಾಯಿಯ ಕೈಯಿಂದ ತೆಗೆದುಕೊಂಡು, ಕೇಳುವವರಿಲ್ಲದೆ ಖರ್ಚು ಮಾಡಬಲ್ಲ ಶಕ್ತಿಗೆ ‘ಪ್ರಭುತ್ವ’ವೇ ಸರಿಯಾದ ಮಾತು. ಕೊಂಚ ಪುಸ್ತಕದ ವಾಸನೆ ಹೊಡೆಯುತ್ತದೆ, ಇರಲಿ.

ಇನ್ನು ಹಿರಿಯರ ಪ್ರಶ್ನೆ. ಯುದ್ಧ ಯಾರದೋ ಇರಬಹುದು, ವಿಮಾನ ಹಾರಿದ್ದು ನಮ್ಮ ತಲೆಯ ಮೇಲೆ. ಬಿ-24 ಅಂದರೆ ಲಿಬರೇಟರ್. ಈ ವಿಮಾನದ ತಂಡಗಳಿಗೆ ತರಬೇತಿ ಕೊಡುವ ಬ್ರಿಟಿಷ್ ವಾಯುಪಡೆಯ ಘಟಕ ನಮ್ಮ ಕೋಲಾರದಲ್ಲಿತ್ತು. 1944ರ ನವೆಂಬರ್ 8ರಂದು 358ನೆಯ ಸ್ಕ್ವಾಡ್ರನ್ ಹುಟ್ಟಿದ್ದೂ ಕೋಲಾರದಲ್ಲೇ. ಮುಂದೆ ಅದು ಬಂಗಾಳದ ದಿಗ್ರಿಗೆ ಹೋಗಿ, 1945ರ ಜನವರಿಯಲ್ಲಿ ಮಂಡಾಲೆಯ ಮೇಲೆ ಒಂದೇ ಸಲ ಬಾಂಬು ಹಾಕಿ, ಆಮೇಲೆ ಗುಪ್ತಚರರನ್ನೂ ಸಾಮಾನನ್ನೂ ಇಳಿಸುವ ಕೆಲಸಕ್ಕೆ ತಿರುಗಿತು. ಇತ್ತ ನಮ್ಮ ಪರಂಗಿಮಲೆಯಲ್ಲಿ, ಅಂದರೆ ಸೇಂಟ್ ಥಾಮಸ್ ಮೌಂಟಿನಲ್ಲಿ, 200ನೆಯ ಸ್ಕ್ವಾಡ್ರನ್ನಿನ ಲಿಬರೇಟರುಗಳು ಸಮುದ್ರ ಕಾಯುತ್ತಿದ್ದವು.

ಇಲ್ಲಿಂದ ನೋಡಿದಾಗ ಕವಿತೆಯ ಒಂದು ಮಿತಿ ಕಾಣುತ್ತದೆ. ಜರೆಲ್‌ನ ಗನ್ನರ್ ಯೂರೋಪಿನ ಆಕಾಶದವನು: ಮೈ ಕೊರೆಯುವ ಚಳಿ, ನೆಲದಿಂದ ಏಳುವ ಗುಂಡು, ಕ್ಷಣದಲ್ಲಿ ಸಾವು. ನಮ್ಮ ಕಡೆಯಿಂದ ಹೋದವನ ಯುದ್ಧ ಬೇರೆ. 1944ರ ಅಕ್ಟೋಬರ್ 27ರಂದು 159ನೆಯ ಸ್ಕ್ವಾಡ್ರನ್ನಿನ ಲಿಬರೇಟರುಗಳು ಪೆನಾಂಗ್ ಬಂದರಿನಲ್ಲಿ ನೀರುಬಾಂಬು ಬಿತ್ತಿ ಬಂದ ದಾರಿ ಹೋಗಿ ಬರುವಾಗ ಸೇರಿ 3,000 ಮೈಲಿಗೂ ಹೆಚ್ಚು. ಇಂಥ ದೂರ ಹೋಗಲು ತೂಕ ಇಳಿಸಬೇಕೆಂದು ಅನೇಕ ವಿಮಾನಗಳಲ್ಲಿ ಹೊಟ್ಟೆಯ ಆ ಗೂಡನ್ನೇ ಕಿತ್ತುಹಾಕುತ್ತಿದ್ದರು! ಬಾಲದ ಗೂಡಿನಲ್ಲಿ ಕೂತವನು ಇಡೀ ರಾತ್ರಿ ಕತ್ತಲೆಯ ಸಮುದ್ರ ನೋಡುತ್ತ ನಿದ್ದೆಯೊಡನೆ ಹೋರಾಡಬೇಕು. ಈ ಬೇಸರಕ್ಕೆ, ಈ ಕಾಯುವಿಕೆಗೆ ಐದು ಸಾಲಿನಲ್ಲಿ ಜಾಗವಿಲ್ಲ. ಕವಿತೆ ಸಂಕಲನದಿಂದ ಸಂಕಲನಕ್ಕೆ ಹೋಗಿ ಎಷ್ಟು ಪ್ರಸಿದ್ಧವಾಯಿತೆಂದರೆ, ಬಾಂಬರಿನ ಗನ್ನರ್ ಎಂದರೆ ಇವನೊಬ್ಬನೇ ಎಂಬಂತಾಗಿದೆ.

ಅವನಿಗೆ ಹೆಸರೂ ಇಲ್ಲ. ಇದಕ್ಕೆ ಸಮರ್ಥನೆ ಇದೆ: ಬ್ರಿಟನ್ನಿನ ಬಾಂಬರ್ ಕಮಾಂಡ್ ಒಂದರಲ್ಲೇ ಸತ್ತವರು 55,573 ಮಂದಿ, ಒಬ್ಬನ ಹೆಸರು ಹೇಳಿದರೆ ಉಳಿದವರು ಬಿಟ್ಟುಹೋಗುತ್ತಾರೆ. ಆದರೂ ಕನ್ನಡಿಗರಾದ ನಮಗೆ ವೀರಗಲ್ಲು ನೆನಪಾಗದೆ ಇರದು. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವನ್ನು ನೋಡಿ. ಅದರ ಹಿನ್ನೆಲೆಯಲ್ಲಿರುವುದು ಕ್ರಿ.ಶ. 949ರ ತಕ್ಕೋಲಂ ಯುದ್ಧ. ತಕ್ಕೋಲಂ ಇರುವುದು ಇಲ್ಲೇ, ನಮ್ಮ ಅರಕ್ಕೋಣದ ಹತ್ತಿರ. ಚೋಳ ರಾಜಾದಿತ್ಯ ಅಲ್ಲಿ ಮಡಿದ. ಗಂಗರ ಬೂತುಗ ತನ್ನ ಆಳು ಮಣಲೇರನಿಗೆ ಏನು ಬೇಕೆಂದು ಕೇಳಿದಾಗ ಅವನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಹಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಸತ್ತಿತು. ಅದಕ್ಕೊಂದು ಕಲ್ಲು, ಹೆಸರು, ಭೂಮಿದಾನ. ಸಾವಿರ ವರ್ಷದ ಹಿಂದೆ ನಾಯಿಗೆ ಸಂದ ಹೆಸರು ಇಪ್ಪತ್ತನೆಯ ಶತಮಾನದ ಗನ್ನರನಿಗೆ ಸಲ್ಲಲಿಲ್ಲ.

ಹಾಗೆಂದು ನಮ್ಮ ಕಲ್ಲೇ ಮೇಲು ಎಂದು ಬೀಗಬೇಕಾಗಿಲ್ಲ. ವೀರಗಲ್ಲಿನ ಮೇಲಿನ ಪಟ್ಟಿಕೆಗಳಲ್ಲಿ ಅಪ್ಸರೆಯರು ಸತ್ತವನನ್ನು ಕೈಲಾಸಕ್ಕೆ ಒಯ್ಯುತ್ತಾರೆ, ಸಾವು ಹಬ್ಬವಾಗಿಬಿಡುತ್ತದೆ. ಜರೆಲ್ ಕೆಳಗಿನ ಪಟ್ಟಿಕೆಯನ್ನು ಮಾತ್ರ ಕೆತ್ತಿ ಉಳಿ ಕೆಳಗಿಟ್ಟ. ಆ ಧೈರ್ಯ ದೊಡ್ಡದು.

ನಮಗೆ ಹೆಚ್ಚು ಚುಚ್ಚುವುದು ಬೇರೊಂದು ಮಾತು. ಗನ್ನರ್ ಕೂಸಾಗಿಬಿಟ್ಟರೆ ಅವನ ಕೈಯಲ್ಲಿರುವ ಬಂದೂಕು ಮರೆತುಹೋಗುತ್ತದೆ, ವಿಮಾನದ ಹೊಟ್ಟೆಯಲ್ಲಿದ್ದ ಬಾಂಬೂ ಮರೆತುಹೋಗುತ್ತದೆ. 1941ರ ಡಿಸೆಂಬರಿನಲ್ಲಿ ಜಪಾನಿನ ಬಾಂಬಿಗೆ ರಂಗೂನಿನಿಂದ ಓಡಿಬಂದವರಲ್ಲಿ ನಮ್ಮ ದೇಶದವರು ಎಷ್ಟೋ ಮಂದಿ. 1942ರ ಏಪ್ರಿಲ್ 6ರಂದು ವಿಶಾಖಪಟ್ಟಣದ ಮೇಲೆ ಬಾಂಬು ಬಿದ್ದಾಗ ಮದರಾಸು ಖಾಲಿಯಾಯಿತು. ಕೆಳಗೆ ನಿಂತು ಮೇಲೆ ನೋಡಿದವರು ನಾವು. ಕವಿಗೆ ಇದು ತಿಳಿಯದ್ದೇನಲ್ಲ. ಅವನದೇ ‘ಲಾಸಸ್’ ಎಂಬ ಇನ್ನೊಂದು ಕವಿತೆಯಲ್ಲಿ ಶಾಲೆಯಲ್ಲಿ ಹೆಸರು ಕಲಿತ ಊರುಗಳನ್ನೇ ಸುಡುವ ಹುಡುಗರಿದ್ದಾರೆ. ನಮ್ಮ ಅಭಿಪ್ರಾಯದಲ್ಲಿ ಅದೇ ಹಿರಿಯ ಕವಿತೆ. ಆದರೆ ಪಠ್ಯಪುಸ್ತಕದವರಿಗೆ ಐದು ಸಾಲು ಅನುಕೂಲ.

ಕೂಟ ಮುಗಿದು ಚಪ್ಪಲಿ ಹುಡುಕುವ ಹೊತ್ತಿಗೆ, ಪ್ರಶ್ನೆ ಕೇಳಿದ ಆ ಹಿರಿಯರೇ ಒಂದು ಸಂಗತಿ ಹೇಳಿದರು. ಯುದ್ಧವಾದ ಮೇಲೆ ಕಾನ್ಪುರದಲ್ಲಿ ಗುಜರಿಯಾಗಿ ಬಿದ್ದಿದ್ದ ಲಿಬರೇಟರುಗಳನ್ನು ಬೆಂಗಳೂರಿನ ಎಚ್.ಎ.ಎಲ್.ಗೆ ತಂದು ರಿಪೇರಿ ಮಾಡಿದ್ದು, 1948ರ ನವೆಂಬರಿನಲ್ಲಿ ಅವುಗಳಿಂದಲೇ ನಮ್ಮ ವಾಯುಪಡೆಯ 5ನೆಯ ಸ್ಕ್ವಾಡ್ರನ್ ಆರಂಭವಾದದ್ದು ಅನೇಕರಿಗೆ ಗೊತ್ತು. ಅವರ ಸೋದರಮಾವ ಆ ಷೆಡ್ಡಿನಲ್ಲಿ ಕೆಲಸಕ್ಕಿದ್ದರಂತೆ. ಕುಳ್ಳಗಿದ್ದರೆಂದು ಬಾಲದ ಗೂಡಿನೊಳಗೆ ಅವರನ್ನೇ ಇಳಿಸುತ್ತಿದ್ದರಂತೆ. ಹಿಡಿಕೆಗಳ ಬಣ್ಣ ಬೆರಳಿಟ್ಟ ಕಡೆ ಸವೆದಿತ್ತು ಎಂದು ಮಾವ ಮುದಿವಯಸ್ಸಿನಲ್ಲೂ ಹೇಳುತ್ತಿದ್ದರಂತೆ. “ಯಾರ ಬೆರಳೋ ಏನೋ” ಎಂದು ಸುಮ್ಮನಾದ ಹಿರಿಯರು, ಹುಡುಗಿಯ ಕೈಯಿಂದ ಅನುವಾದದ ಹಾಳೆಯನ್ನು ಇಸಿದುಕೊಂಡು ಜೇಬಿಗಿಟ್ಟುಕೊಂಡರು.

ಮುಂದಿನ ಕೂಟಕ್ಕೆ ಅವಳು ‘ಲಾಸಸ್’ ತರುತ್ತಾಳೆ.