ಆಕಾಶಚಿತ್ರದ ದಿಣ್ಣೆ: ಕೋಟೆಯೋ, ಕೆರೆಯ ಏರಿಯೋ?

ಆಕಾಶದಿಂದ ತೆಗೆದ ಛಾಯಾಚಿತ್ರಗಳು ಪ್ರಾಕ್ತನ ಸಂಶೋಧನೆಗೆ ಎಷ್ಟು ಉಪಕಾರಿಗಳೆಂಬುದನ್ನು ಕ್ರಾಫರ್ಡ್ ಮತ್ತು ಕೀಲರ್ ಅವರು ಇಂಗ್ಲೆಂಡಿನ ವೆಸೆಕ್ಸ್ ಪ್ರದೇಶವನ್ನು ಕುರಿತು 1928ರಲ್ಲಿ ಪ್ರಕಟಿಸಿದ ಗ್ರಂಥವು ತೋರಿಸಿಕೊಟ್ಟಿತು. ಇಳಿಬಿಸಿಲಿನ ನೆರಳು, ಪೈರಿನ ವರ್ಣಭೇದ ಇವುಗಳಿಂದ, ನೆಲದ ಮೇಲೆ ನಿಂತವನಿಗೆ ಕಾಣದ ರೇಖೆಗಳೂ ಮೇಲಿನಿಂದ ಸ್ಪಷ್ಟವಾಗುತ್ತವೆ. ಇಂದು ಉಪಗ್ರಹಚಿತ್ರಗಳು ವಿದ್ಯಾರ್ಥಿಗಳ ಕೈಗೂ ಎಟುಕಿವೆ. ಆದಕಾರಣ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಸೀಮೆಯಲ್ಲಿ ಬಾಗಿದ ದಿಣ್ಣೆಯೊಂದು ಕಂಡೊಡನೆ ಅದನ್ನು ಅಜ್ಞಾತ ಕೋಟೆಯೆಂದು ಕರೆಯುವ ಮೋಹವುಂಟಾಗುವುದು ಸಹಜ. ಈ ಮೋಹವನ್ನು ವಿಮರ್ಶಿಸುವುದೇ ನಮ್ಮ ಉದ್ದೇಶ.

ಈ ಸೀಮೆ ದುರ್ಗಗಳದು ಮಾತ್ರವಲ್ಲ, ಕೆರೆಗಳದೂ ಹೌದು. ಹೊಸದುರ್ಗದ ಹೆಸರಿನಲ್ಲಿ ದುರ್ಗವಿದ್ದರೆ ಹೊಳಲ್ಕೆರೆಯ ಹೆಸರಿನಲ್ಲಿ ಕೆರೆಯಿದೆ. ಚಂದ್ರವಳ್ಳಿಯಲ್ಲಿರುವ ಕದಂಬ ಮಯೂರಶರ್ಮನ ಬಂಡೆಶಾಸನವೇ ಕೆರೆಯೊಂದನ್ನು ಹೇಳುತ್ತದೆ. ಒಡೆದುಹೋದ ಏರಿಯೂ ಕುಸಿದ ಮಣ್ಣಿನ ಗೋಡೆಯೂ ಚಿತ್ರದಲ್ಲಿ ಒಂದೇ ಬಗೆಯಾಗಿ ಕಾಣಬಹುದು. ಆದರೆ ಏರಿಯು ಹಳ್ಳಕ್ಕೆ ಅಡ್ಡಲಾಗಿದ್ದು ಅದರ ಎರಡು ತುದಿಗಳೂ ಎತ್ತರದ ನೆಲವನ್ನು ಸೇರುತ್ತವೆ. ಮೇಲ್ಗಡೆ ಹೂಳು ತುಂಬಿದ ಸಮತಲವಾದ ಅಂಗಳ, ಕೆಳಗಡೆ ಅಚ್ಚುಕಟ್ಟು, ಪಕ್ಕದಲ್ಲಿ ಕೋಡಿ ಇರುತ್ತವೆ. ಕೋಟೆಯ ಗೋಡೆಯಾದರೋ ಸಾಮಾನ್ಯವಾಗಿ ಒಂದು ಸ್ಥಳವನ್ನು ಸುತ್ತುವರಿದಿರುತ್ತದೆ. ಅದಕ್ಕೆ ಕಂದಕ, ಕೊತ್ತಲ, ಬಾಗಿಲುಗಳ ಗುರುತಿರಬೇಕು. ಹೊಲದ ಬದು, ಗಣಿಯ ಮಣ್ಣಿನ ರಾಶಿ ಇವುಗಳನ್ನೂ ಮೊದಲೇ ಬೇರ್ಪಡಿಸಬೇಕು.

ಚಿತ್ರವು ಆಕಾರವನ್ನು ಹೇಳೀತೇ ಹೊರತು ಕಾಲವನ್ನು ಹೇಳಲಾರದು. ಚಂದ್ರವಳ್ಳಿಯ ಕಾಲವನ್ನು ನಿರ್ಣಯಿಸಲು ಡಾ. ಎಂ. ಎಚ್. ಕೃಷ್ಣ ಅವರ ಉತ್ಖನನ, 1947ರಲ್ಲಿ ವ್ಹೀಲರ್ ಅವರ ಉತ್ಖನನ, ಅಲ್ಲಿ ದೊರೆತ ಶಾತವಾಹನ ಹಾಗೂ ರೋಮನ್ ನಾಣ್ಯಗಳು, ಮಡಕೆಯ ಚೂರುಗಳು ಬೇಕಾದುವು. ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಯ ಶಿಲಾವೃತ್ತಗಳು ಸಮಾಧಿಗಳೆಂದು ಸಿದ್ಧವಾದುದೂ ಗುದ್ದಲಿಯಿಂದಲೇ.

ಇದು ಕೇವಲ ಹೆಸರಿನ ಜಗಳವೆಂದು ಯಾರೂ ಭಾವಿಸಬಾರದು. ಏರಿಯನ್ನು ಕೋಟೆಯೆಂದು ಬರೆದರೆ ಇಲ್ಲದ ಪಾಳೆಯಗಾರನೊಬ್ಬ ಚರಿತ್ರೆಯಲ್ಲಿ ಹುಟ್ಟುತ್ತಾನೆ. ಇದ್ದ ಕೆರೆಯೊಂದು ಚರಿತ್ರೆಯಿಂದ ಅಳಿಯುತ್ತದೆ. ಮಳೆ ಕಡಿಮೆಯಾದ ಈ ನಾಡಿನಲ್ಲಿ ಕೆರೆಯೆಂಬ ನೆನಪು ಹೋದ ಅಂಗಳವು ಉಳುಮೆಗೋ ನಿವೇಶನಕ್ಕೋ ಸಲ್ಲುವುದು ಸುಲಭ. ಆದುದರಿಂದ ಚಿತ್ರವನ್ನು ನೋಡಿದವರು ಗ್ರಾಮನಕಾಶೆಯನ್ನೂ ಶಾಸನಗಳನ್ನೂ ಪರಿಶೀಲಿಸಿ, ಊರಿನ ಹಿರಿಯರನ್ನು ವಿಚಾರಿಸಿ, ದಿಣ್ಣೆಯ ಉದ್ದಕ್ಕೂ ನಡೆದು ತೂಬಿನ ಕಲ್ಲನ್ನು ಹುಡುಕಲಿ. ಆಕಾಶಚಿತ್ರವು ಪ್ರಶ್ನೆಯನ್ನು ಎತ್ತಿಕೊಡುವ ಸಾಧನ. ಅದನ್ನೇ ಉತ್ತರವೆಂದು ಗ್ರಹಿಸುವುದು ಸಂಶೋಧನೆಯೆನಿಸದು.